ವರ್ಗವಾಗಿ ಬಂದ ವಸಂತ

ಶಿರಸಿಯ ಅಡಿಕೆ ತೋಟದ ನೆರಳಲ್ಲಿ ಬೆಳೆದ ನನ್ನನ್ನು ಬ್ಯಾಂಕಿನವರು ಕೂಡ್ಲಿಗಿಗೆ ಎತ್ತಿಹಾಕಿದ್ದು ಜನವರಿ ಕೊನೆಗೆ. ಸಾಲಗಾರರ ಹೊಲ ನೋಡಿ ಬರುವುದು ಕೆಲಸ. ಶೇಂಗಾ ಕಿತ್ತು, ಮೆಕ್ಕೆಜೋಳ ಮುರಿದು ಬರಿದಾದ ನೆಲ, ಬಂಡೆಗುಡ್ಡ, ಜಾಲಿ. “ಇಲ್ಲಿ ವಸಂತ ಯಾವಾಗಪ್ಪ?” ಎಂದರೆ ನಮ್ಮ ಜವಾನ, “ಬಿಸ್ಲು ಕೇಳ್ತೀರೋ, ಜಾತ್ರಿ ಕೇಳ್ತೀರೋ?” ಅಂದ.

ಅವನ ಪಂಚಾಂಗವೇ ಬೇರೆ. ಭಾರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರ, ಅದರ ಬೆನ್ನಿಗೆ ಕೊಟ್ಟೂರ ತೇರು, ಶಿವರಾತ್ರಿಗೆ ಕುರುವತ್ತಿ, ಯುಗಾದಿಗೆ ಉಚ್ಚಂಗಿದುರ್ಗ.

ಮೈಲಾರಕ್ಕೆ ಹೋದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದದ್ದೇ ತಡ, ಕಣ್ಣು ಹಾಯುವವರೆಗಿನ ಜನಸಾಗರ ಉಸಿರು ಬಿಗಿಹಿಡಿಯಿತು. ವರ್ಷದ ಭವಿಷ್ಯವೆನ್ನುವ ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಗೆ ಬಿದ್ದ, ಭಕ್ತರು ಹಿಡಿದುಕೊಂಡರು. ಆ ಸಾಲಿಗೆ ಮಳೆ-ಬೆಳೆ ಹಚ್ಚುವವರು ಕೆಲವರು, ವಿಧಾನಸೌಧ ಹಚ್ಚುವವರು ಹಲವರು. ಮರಳುವ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಒಂಟಿಕಾಲೂರುವಷ್ಟು ಜಾಗ, ಆರು ಬಗೆಯ ಅರ್ಥ. ಬೆಳೆಯ ಅಂದಾಜಿಗೆ ನಮ್ಮ ಶಾಖೆಯಲ್ಲಿ ಇಷ್ಟು ಶ್ರದ್ಧೆ ನಾನು ಕಂಡಿಲ್ಲ.

ಕೊಟ್ಟೂರಿನಲ್ಲಿ ಮಿರ್ಚಿ, ಮಂಡಕ್ಕಿ ತಿಂದು ತೇರಿನ ಗಾಲಿಯ ಎತ್ತರಕ್ಕೆ ಕತ್ತೆತ್ತಿ ನಿಂತೆ. ಇದು ಕಾದಂಬರಿಕಾರ ಕುಂ. ವೀರಭದ್ರಪ್ಪನವರ ಊರು. ಅವರು ಮೇಷ್ಟ್ರಾಗಿ ಆಂಧ್ರದ ಹಳ್ಳಿಗಳಿಗೆ ಹೋದವರು. ಹೊಟ್ಟೆಪಾಡಿಗೆ ಊರು ಬಿಟ್ಟವನು ನಾನೊಬ್ಬನೇ ಅಲ್ಲವಲ್ಲ ಎಂದು ಇನ್ನೊಂದು ಮಿರ್ಚಿ ತಿಂದೆ.

ಹರಪನಹಳ್ಳಿಯದು ಇನ್ನೂ ಮಜಾ. ಅಲ್ಲಿ ಊರೇ ವರ್ಗವಾಗುತ್ತದೆ! 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಹಾಸ್ಯ ಸಾಹಿತಿ ಬೀಚಿ ಹುಟ್ಟಿದ್ದು ಅಲ್ಲೇ. ಇದನ್ನು ನೋಡಲು ಅವರಿರಬೇಕಿತ್ತು.

ಮಾರ್ಚ್ ಹೊತ್ತಿಗೆ ಕಣ್ಣು ಪಳಗಿತು. ಬೋಳಾಗಿದ್ದ ಹೊಂಗೆ ವಾರದೊಳಗೆ ಎಳೆಹಸಿರು ಹೊದ್ದಿತ್ತು. ಅಂಗಳಗಳಲ್ಲಿ ಹುಣಸೆ ಕುಟ್ಟುವ ಸದ್ದು. ಬಾಡಿಗೆ ಮನೆಯ ಹೊಸಿಲಿಗೆ ದಿನವೂ ಬೇವಿನ ಹೂ. ನಮ್ಮ ಕಡೆ ವರ್ಷವಿಡೀ ಹಸಿರು. ಹೊಸದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಒಂದು ಹೊಂಗೆ ಚಿಗುರಿದರೆ ಅದರಡಿ ಬೈಕು ನಿಲ್ಲಿಸಲು ಪೈಪೋಟಿ. ಹೂವಿನಹಡಗಲಿಯ ಮಲ್ಲಿಗೆ ಕೊಂಡು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ; ಮುಡಿಯುವವಳು ಶಿರಸಿಯಲ್ಲಿದ್ದಳು. ಎರಡು ದಿನ ಸಾಲದ ಕಾಗದಗಳೆಲ್ಲ ಘಮಘಮ.

ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಮಾತ್ರ ಬಾಕಿ ಉಳಿದಿತ್ತು. 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ ಕೆರೆ. ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಸಂಸಾರ.

ಊರ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಲು ಕಡೆಯ ದಿನ ಒಂದು ಶನಿವಾರವಿತ್ತು. ಆ ದಿನ ನಾನು ಅಂಕಸಮುದ್ರದ ಏರಿಯ ಮೇಲಿದ್ದೆ.