ಧೂಳು ಅಡಗಿಸಿದ್ದು ಟ್ಯಾಂಕರ್ ನೀರಲ್ಲ

ಬಳ್ಳಾರಿಯ ಗಣಿಗಾರಿಕೆಯ ಮಾತು ಬಂದರೆ 2003ರಿಂದ 2010ರವರೆಗಿನ ಏಳೆಂಟು ವರ್ಷಗಳನ್ನು ಹೊರಗಿನವರು ಹೆಲಿಕಾಪ್ಟರು, ರಾಜಕಾರಣ, ಜೈಲುಗಳ ಲೆಕ್ಕದಲ್ಲಿ ನೆನೆಯುತ್ತಾರೆ. ರಸ್ತೆ ಬದಿಯಲ್ಲಿ ಬದುಕಿದವರ ನೆನಪು ಬೇರೆಯದೇ. ಹೊಸಪೇಟೆ ರಸ್ತೆಯ ಜಾಲಿಗಿಡಗಳಲ್ಲಿ ಎಲೆಯ ಬಣ್ಣ ಕಾಣುತ್ತಿರಲಿಲ್ಲ. ಲಾರಿಗಳು ಹಾಡಹಗಲೇ ದೀಪ ಹಾಕಿಕೊಂಡು ಬರುತ್ತಿದ್ದವು. ರಸ್ತೆಗೆ ತಾಗಿದ ಹೊಲಗಳಲ್ಲಿ ಬಿಡಿಸಿದ ಹತ್ತಿಯೂ ಕೆಂಪು. ಅದೇ ರಸ್ತೆಗಳ ಮೇಲೆ ನೀರಿನ ಟ್ಯಾಂಕರ್‌ಗಳೂ ಓಡಾಡುತ್ತಿದ್ದವು ಎಂಬುದನ್ನು ಮಾತ್ರ ಹೆಚ್ಚಿನವರು ಮರೆತಿದ್ದಾರೆ. ಧೂಳಿನ ದೂರು ಬಂದಾಗಲೆಲ್ಲ ಗಣಿಯವರೂ ಅಧಿಕಾರಿಗಳೂ ಕೊಡುತ್ತಿದ್ದ ಉತ್ತರ ಒಂದೇ: ನೀರು ಹೊಡೆಸುತ್ತಿದ್ದೇವೆ. ಹೊಡೆಸುತ್ತಿದ್ದುದು ಸುಳ್ಳಲ್ಲ. ಆದರೆ ಬಳ್ಳಾರಿಯ ಧೂಳು ತಗ್ಗಿದ್ದು ನೀರಿನಿಂದಲ್ಲ. ಅದಿರು ರಸ್ತೆಗೆ ಬೀಳುವುದು ಕಡಿಮೆಯಾದ ಮೇಲೆ ತಗ್ಗಿತು.

ಈ ನಾಡಿಗೆ ಗಣಿ ಹೊಸದಲ್ಲ. ಸಂಡೂರಿನ ಮ್ಯಾಂಗನೀಸ್ ಕಂಪನಿ ಶುರುವಾದದ್ದು 1954ರಲ್ಲಿ, ಸರ್ಕಾರಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿ 1977ರಲ್ಲಿ. ಆಗಲೂ ಧೂಳಿತ್ತು, ಆದರೆ ಅದು ಗಣಿಯ ಬೇಲಿಯೊಳಗೆ, ಹೆಚ್ಚೆಂದರೆ ರೈಲ್ವೆ ಸೈಡಿಂಗಿನವರೆಗೆ. ಆ ಕಾಲದ ಖಾಸಗಿ ಗಣಿಗಳಲ್ಲಿ ಬೆಲೆ ಇದ್ದದ್ದು ಗಟ್ಟಿ ಅದಿರಿಗೆ, ಅಂದರೆ ಲಂಪ್ಸ್‌ಗೆ. ಪುಡಿ ಅದಿರು ಕೇಳುವವರಿಲ್ಲದೆ ಗುಡ್ಡದ ಮಗ್ಗುಲಲ್ಲಿ ರಾಶಿಯಾಗಿ ಬಿದ್ದಿರುತ್ತಿತ್ತು. ಚೀನಾದ ಉಕ್ಕಿನ ಹಸಿವು ಏರಿದ ಮೇಲೆ ಈ ಲೆಕ್ಕವೇ ತಲೆಕೆಳಗಾಯಿತು. 2005ರಲ್ಲಿ ಅಂತರರಾಷ್ಟ್ರೀಯ ಗುತ್ತಿಗೆ ದರ ಒಂದೇ ಏಟಿಗೆ ಶೇ. 71.5ರಷ್ಟು ಏರಿತು. ಪುಡಿ ಅದಿರಿಗೂ, ಅಂದರೆ ಫೈನ್ಸ್‌ಗೂ ಬೆಲೆ ಬಂತು; ಹಳೆಯ ರಾಶಿಗಳನ್ನೂ ಬಗೆದು ಲಾರಿಗೆ ತುಂಬಿದರು. ಅಷ್ಟರಲ್ಲಿ, 2003ರ ಮಾರ್ಚ್‌ನಲ್ಲಿ, ರಾಜ್ಯ ಸರ್ಕಾರ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆದಿತ್ತು. ಪಟ್ಟಾ ಹೊಲಗಳ ಮೇಲ್ಪದರದ ಅದಿರನ್ನೂ ಜನ ಕೆರೆದು ಮಾರುತ್ತಿದ್ದರು. ಧೂಳಿನ ಚರ್ಚೆಯಲ್ಲಿ ಈ ಬದಲಾವಣೆಗೆ ಸಲ್ಲಬೇಕಾದ ಜಾಗ ಸಿಕ್ಕೇ ಇಲ್ಲ. ಗಟ್ಟಿ ಅದಿರಿನ ಚೂರು ಲಾರಿಯಿಂದ ಬಿದ್ದರೆ ಕಲ್ಲಾಗಿ ಬದಿಗೆ ಉರುಳುತ್ತದೆ. ಬ್ಲೂ ಡಸ್ಟ್ ಎಂದು ಗಣಿಯವರು ಕರೆಯುವ ನುಣ್ಣನೆ ಅದಿರು ಬಿದ್ದರೆ ಚಕ್ರಕ್ಕೆ ಸಿಕ್ಕಿ, ಅರೆದು, ಮೇಲೇಳುತ್ತದೆ.

ಬೀಳುತ್ತಿದ್ದುದಾದರೂ ಎಷ್ಟು? ಹತ್ತು ಚಕ್ರದ ಲಾರಿಗೆ ಆಗ ಕಾನೂನು ಒಪ್ಪಿದ ಒಟ್ಟು ತೂಕ 25 ಟನ್, ಲಾರಿಯ ಸ್ವಂತ ಭಾರವೂ ಅದರಲ್ಲೇ ಸೇರಿ. ಅಂಚಿನ ಮೇಲೆ ಗೋಪುರದಂತೆ ಪೇರಿಸಿಕೊಂಡು ಹೋಗುತ್ತಿದ್ದ ಲಾರಿಗಳು ಆ ಮಿತಿಯನ್ನು ಮುರಿಯುತ್ತಿದ್ದವೆಂದು ಲೋಕಾಯುಕ್ತ ವರದಿಗಳೇ ದಾಖಲಿಸಿವೆ. ರಸ್ತೆ ಎಂಜಿನಿಯರುಗಳಿಗೆ ಗೊತ್ತಿರುವ ಒಂದು ಲೆಕ್ಕವಿದೆ: ಅಚ್ಚಿನ ಮೇಲಿನ ಭಾರ ಒಂದೂವರೆ ಪಟ್ಟಾದರೆ ರಸ್ತೆಗಾಗುವ ಹಾನಿ ಒಂದೂವರೆ ಪಟ್ಟಲ್ಲ, ಸುಮಾರು ಐದು ಪಟ್ಟು. ಅದಿರು ಹೋಗುತ್ತಿದ್ದದ್ದು ಹುಬ್ಬಳ್ಳಿ, ಯಲ್ಲಾಪುರ ದಾಟಿ ಬೇಲೆಕೇರಿಗೆ. ಆಚೆ ಆಂಧ್ರದ ಕೃಷ್ಣಪಟ್ಟಣಕ್ಕೆ. ಟಾರು ಕಿತ್ತು ಹೋಗಿ, ಗುಂಡಿ ಬಿದ್ದು, ಪ್ರತಿ ಗುಂಡಿಯ ಕುಲುಕಾಟಕ್ಕೂ ಒಂದು ಬೊಗಸೆ ಅದಿರು ಕೆಳಗೆ. ಹೆದ್ದಾರಿ ಹೀಗೆ ಮತ್ತೆ ಕಚ್ಚಾ ರಸ್ತೆಯಾಯಿತು.

ಇಂಥ ರಸ್ತೆಗೆ ನೀರು ಮಾಡಿದ್ದೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಟ್ಯಾಂಕರ್‌ನ ಹಿಂದೆ ಅಡ್ಡ ಕಟ್ಟಿದ ಪೈಪು, ಅದಕ್ಕೆ ಕೊರೆದ ತೂತುಗಳು, ಅರ್ಧ ಕಟ್ಟಿಕೊಂಡಿರುತ್ತಿದ್ದವು. ರಸ್ತೆಯ ನಡುವೆ ನಾಲ್ಕಾರು ಪಟ್ಟೆ ಒದ್ದೆ, ಅಂಚು ಒಣ. ಏಪ್ರಿಲ್‌ನ ನಲವತ್ತು ಡಿಗ್ರಿ ಬಿಸಿಲಿಗೆ ಆ ಒದ್ದೆ ಗಂಟೆಯೊಳಗೆ ಆರುತ್ತದೆ. ಹೆಚ್ಚು ಸುರಿದರೆ ಕೆಸರು. ಆ ಕೆಸರು ಜೋಡಿ ಚಕ್ರಗಳ ಸಂದಿಯಲ್ಲಿ ಮೆತ್ತಿಕೊಂಡು ಟಾರು ರಸ್ತೆಗೆ ಬಂದು, ಅಲ್ಲಿ ಒಣಗಿ, ಹಿಂದೆ ಬರುವ ಲಾರಿಗೆ ಹೊಸ ಧೂಳಾಗುತ್ತಿತ್ತು. ಕಚ್ಚಾ ರಸ್ತೆಯನ್ನು ಉಳಿಸುವುದು ಅದರ ಆಕಾರ. ಸಿರುಗುಪ್ಪದ ಎರೆ ಹೊಲಗಳಿಗೆ ದಾರಿ ಮಾಡಿಕೊಂಡ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಗರಸು ಹಾಕು, ನಡುವೆ ಉಬ್ಬು ಕೊಡು, ಎರಡೂ ಬದಿಗೆ ಕಾಲುವೆ ತೆಗೆ, ಮಳೆ ಬಿಟ್ಟ ಮೇಲೆ ಮತ್ತೆ ಸಮ ಮಾಡು. ಗಣಿ ರಸ್ತೆಗೂ ಇದೇ ವಿದ್ಯೆ. ಸಲಿಕೆಯ ಜಾಗದಲ್ಲಿ ಗ್ರೇಡರ್ ಇರುತ್ತದೆ, ಅಷ್ಟೇ. ಮೇಲೆ ಕೂತ ನುಣ್ಣನೆ ಪುಡಿಯನ್ನು ಕೆರೆದು ತೆಗೆದು, ಗಟ್ಟಿ ಗರಸು ಹಾಕಿ ಒತ್ತಿ, ಲಾರಿಯ ವೇಗ ಅರ್ಧಕ್ಕಿಳಿಸಿದರೆ ಏಳುವ ಧೂಳೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೂ ಟ್ಯಾಂಕರೇ ಗೆದ್ದಿತು. ಟ್ಯಾಂಕರ್ ಟ್ರಿಪ್ಪನ್ನು ಎಣಿಸಿ ಬಿಲ್ ಬರೆಯಬಹುದು. ತಪಾಸಣೆಗೆ ಬಂದವರಿಗೆ ಒದ್ದೆ ರಸ್ತೆ ತೋರಿಸಬಹುದು. ರಸ್ತೆಯ ಉಬ್ಬನ್ನು ಯಾರಿಗೆ ತೋರಿಸುವುದು?

ಬದಲಾವಣೆ ಬಂದದ್ದು ತೀರ್ಪಿನ ದಾರಿಯಲ್ಲಿ. 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಮೇಲೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾಯಿತು. ಎರಡೇ ದಿನಕ್ಕೆ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಇಲ್ಲಿ ಒಂದು ಆಕ್ಷೇಪ ಸಹಜ: ಗಣಿ ನಿಂತರೆ ಧೂಳೂ ನಿಲ್ಲುತ್ತದೆ, ಅದರಲ್ಲಿ ರಸ್ತೆ ವಿದ್ಯೆ ಏನು ಬಂತು? ಮೊದಲ ಎರಡು ವರ್ಷದ ಮಟ್ಟಿಗೆ ಈ ಮಾತು ನಿಜ. ಆದರೆ 2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಒಂದೊಂದಾಗಿ ತೆರೆದವು. ಜಿಲ್ಲೆಗೆ ವರ್ಷಕ್ಕೆ 25 ದಶಲಕ್ಷ ಟನ್‌ನ ಮಿತಿ, 2017ರಲ್ಲಿ 28, 2022ರಲ್ಲಿ 35. ಇದೇನು ಸಣ್ಣ ಮೊತ್ತವಲ್ಲ. ಸಂಡೂರಿನ ಕಡೆ ಧೂಳಿನ ಗೋಳು ಇಂದಿಗೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಳ್ಳಾರಿ ಊರಿಗೆ ಆ ಹಳೆಯ ಕೆಂಪು ಮತ್ತೆ ಬರಲಿಲ್ಲ. ರಫ್ತು 2022ರವರೆಗೂ ನಿಂತಿತ್ತು. ಅದಿರು ಇ-ಹರಾಜಿನಲ್ಲಿ, ತೂಕದ ಲೆಕ್ಕಕ್ಕೆ ಸಿಕ್ಕು, ಹತ್ತಿರದ ಕಾರ್ಖಾನೆಗಳಿಗೇ ಹೋಗತೊಡಗಿತು. ಕೆಟ್ಟ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆ ಪ್ರತಿ ಗಣಿಗೂ ಕಡ್ಡಾಯವಾಯಿತು. ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಬಂತು. ರಬ್ಬರ್ ಪಟ್ಟಿಯೇ ಸುರುಳಿಯಾಗಿ ಕೊಳವೆಯಂತೆ ಮುಚ್ಚಿಕೊಂಡು ಅದಿರು ಒಯ್ಯುವ ಏರ್ಪಾಟು ಅದು. ದಾರಿಯಲ್ಲಿ ಚೆಲ್ಲುವುದಕ್ಕೆ ಎಡೆಯೇ ಇಲ್ಲ. ನೀರಿನ ಟ್ಯಾಂಕರ್ ಮೊದಲೂ ಇತ್ತು, ಈಗಲೂ ಇದೆ. ಬದಲಾದದ್ದು ಬೇರೆ ಎಲ್ಲವೂ.

ಕನ್ವೇಯರ್ ಬಂದರೆ ಲಾರಿಯವರ ಹೊಟ್ಟೆ ಮೇಲೆ ಹೊಡೆದಂತೆ ಎಂಬ ಮಾತಿಗೆ ತೂಕವಿದೆ. ಸಾಲ ಮಾಡಿ ಲಾರಿ ಕೊಂಡು, 2011ರಲ್ಲಿ ಕಂತು ಕಟ್ಟಲಾಗದೆ ಕೈಸುಟ್ಟುಕೊಂಡವರು ಈ ಜಿಲ್ಲೆಯಲ್ಲಿ ಒಬ್ಬಿಬ್ಬರಲ್ಲ. ಅವರಿಗೆ ಪರಿಹಾರದ ದಾರಿ ಬೇಕಿತ್ತು, ಬೇಕು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇಂಥದ್ದಕ್ಕಲ್ಲದೆ ಇನ್ನಾವುದಕ್ಕೆ? ಆದರೆ ಅವರ ಬಾಡಿಗೆಗೆಂದು ತೆರೆದ ಲಾರಿಯಲ್ಲೇ ಅದಿರು ಸಾಗಲಿ ಎಂದರೆ, ಆ ಬಾಡಿಗೆಯ ಒಂದು ಪಾಲನ್ನು ರಸ್ತೆ ಬದಿಯ ರೈತ ತನ್ನ ಹತ್ತಿಯಿಂದ ಕಟ್ಟಿಕೊಡಬೇಕಾಗುತ್ತದೆ. ಇನ್ನು ಗಣಿಯೊಳಗಿನ ದಾರಿಗೆ ಟಾರು ಹಾಕಿ ಎನ್ನುವವರು, ಗಣಿ ಇಳಿದಂತೆ ಆ ದಾರಿಯೂ ಜಾಗ ಬದಲಿಸುತ್ತದೆ ಎಂಬುದನ್ನು ಮರೆಯುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡಿನಂಥ ಲವಣ ಗಾಳಿಯ ತೇವ ಹೀರಿ ರಸ್ತೆಯನ್ನು ಒದ್ದೆಯಾಗಿಡುತ್ತದೆ, ಸರಿ. ಬಳ್ಳಾರಿಯ ಬೇಸಿಗೆ ಗಾಳಿಯಲ್ಲಿ ಹೀರಲು ತೇವವಾದರೂ ಎಲ್ಲಿದೆ?

ನೀರಿಗೆ ನಿಜವಾದ ಕೆಲಸ ಇರುವುದು ಬೇರೆ ಕಡೆ, ಕಲ್ಲು ಕ್ವಾರಿಗಳಲ್ಲಿ.  ಕುರುಗೋಡಿನ ಸುತ್ತಲೂ ಗ್ರಾನೈಟ್ ಬೆಟ್ಟ. ಜೆಲ್ಲಿ ಒಡೆಯುವ ಕಡೆ ಏಳುವ ಬೂದು ಧೂಳು ಕೆಂಧೂಳಿನಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಆದ್ದರಿಂದ ದೂರೂ ಕಡಿಮೆ. ಅಪಾಯ ಮಾತ್ರ ಹೆಚ್ಚು. ಬರೀ ಕಬ್ಬಿಣದ ಧೂಳು ಶ್ವಾಸಕೋಶದಲ್ಲಿ ಕೂತು ಎಕ್ಸ್‌ರೇಯಲ್ಲಿ ಕಾಣಿಸಿಕೊಂಡರೂ ಸಾಮಾನ್ಯವಾಗಿ ಅಷ್ಟಾಗಿ ಗಾಯ ಮಾಡುವುದಿಲ್ಲ. ಗ್ರಾನೈಟಿನಲ್ಲಿ ಹೇರಳವಾಗಿರುವ ಸಿಲಿಕಾ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಮದ್ದಿಲ್ಲ. ಅಲ್ಲಿ ನೀರು ಬೀಳಬೇಕಾದ್ದು ಕಲ್ಲು ಒಡೆಯುವ ಕ್ರಷರಿನ ಬಾಯಿಗೆ, ಸಣ್ಣ ನಳಿಕೆಯಿಂದ, ಮಂಜಿನ ಹಾಗೆ, ಧೂಳು ಏಳುವ ಕ್ಷಣದಲ್ಲೇ; ಯಂತ್ರದ ಸುತ್ತ ಹೊದಿಕೆ, ಗಾಳಿಗೆ ಅಡ್ಡ ಗೋಡೆ. ಇದಕ್ಕೆಲ್ಲ ಬೇಕಾಗುವ ನೀರು ರಸ್ತೆಗೆ ಸುರಿಯುವುದಕ್ಕಿಂತ ಎಷ್ಟೋ ಕಡಿಮೆ. ಆದರೂ ಕ್ರಷರ್‌ಗಳ ಕಡೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಗೇಟಿನ ಮುಂದಿನ ಒದ್ದೆ ರಸ್ತೆಯೇ.