ಕತ್ತಲೆಯಲ್ಲಿ ಕಂಡ ವೈಟ್‌ಫೀಲ್ಡ್

ಪ್ರವಾಸವೆಂದರೆ ಮನೆಗೆ ಬೀಗವಿಕ್ಕಿ ದೂರದೂರುಗಳಿಗೆ ಹೋಗುವುದೆಂದೇ ನಾವೆಲ್ಲರೂ ತಿಳಿದಿರುವೆವು. ಧನುರ್ಮಾಸದ ರಜೆ ಬಂದಿತೆಂದರೆ ಬೆಂಗಳೂರಿನ ಗೃಹಸ್ಥರು ಕೊಡಗು, ಹಂಪೆ, ಕಡಲತೀರಗಳೆಂದು ಹೊರಟುಬಿಡುವರು. ತಾವು ವಾಸಿಸುವ ಊರನ್ನೇ ಕಣ್ತೆರೆದು ನೋಡಿದವರು ಎಷ್ಟು ಮಂದಿ? ಕಳೆದ ಡಿಸೆಂಬರಿನಲ್ಲಿ ಅಂತಹ ಸಂದರ್ಭವೊಂದು ನಮಗೆ ಬಯಸದೆಯೇ ಒದಗಿತು. ಎಂಬತ್ತು ದಾಟಿದ ತಾಯಿಯವರನ್ನು ಬಿಟ್ಟು ಹೋಗಲಾರದೆ ಮನೆಯಲ್ಲಿಯೇ ಉಳಿದಿದ್ದೆವು. ರಜೆಯ ಎರಡನೆಯ ಸಂಜೆ ದೀಪಗಳು ಆರಿದುವು. ಮೂರು ರಾತ್ರಿ ಮರಳಿ ಹತ್ತಲಿಲ್ಲ.

ನಾವಿರುವುದು ವೈಟ್‌ಫೀಲ್ಡಿನಲ್ಲಿ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಬೇಸಾಯದ ವಸತಿಗಾಗಿ ಸುಮಾರು 4,000 ಎಕರೆ ನೆಲವನ್ನು ಇಲ್ಲಿ ದಯಪಾಲಿಸಿದರು. ಸಂಘದ ಮುಂದಾಳಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಬೆಂಗಳೂರಿನಲ್ಲಿ ಇದುವರೆಗೆ ದಾಖಲೆಯಾದ ಅತಿ ಕಡಮೆ ಉಷ್ಣತೆಯಾದ 7.8 ಡಿಗ್ರಿಯು ಕಂಡುಬಂದುದು 1884ರ ಜನವರಿ 13ರಂದು. ಆ ಹೊಸ ನೆಲಸಿಗರು ಅಂತಹ ಚಳಿಯನ್ನು ಬೆಂಕಿ ಕಾಯಿಸಿಕೊಂಡು ಕಳೆದಿರಬೇಕು. ಸುಮಾರು ನೂರು ವರ್ಷ ತೋಟಗಳ ನಡುವೆ ಮಲಗಿದ್ದ ಊರು, ಕಳೆದ ಶತಮಾನದ ಕೊನೆಯಲ್ಲಿ ಸಾಫ್ಟ್‌ವೇರ್ ಕಛೇರಿಗಳು ಬಂದಮೇಲೆ, ಮುಗಿಲಿಗೆ ಏಣಿಯಿಟ್ಟಂತೆ ಬೆಳೆದುಬಿಟ್ಟಿತು.

ವಿದ್ಯುತ್ತು ಹೋದುದಕ್ಕೆ ಕಾರಣವೇನೆಂದರೆ, ಯಾರೋ ರಸ್ತೆಯ ಬದಿಯಲ್ಲಿ ಅಗೆಯುವಾಗ ನೆಲದಡಿಯ ಕೇಬಲ್ಲಿಗೆ ಪೆಟ್ಟು ಬಿದ್ದಿತ್ತು. ಕಂಬದ ಮೇಲಿನ ತಂತಿ ಹರಿದರೆ ಲೈನ್‌ಮ್ಯಾನಿನ ಕಣ್ಣಿಗೆ ಬೀಳುವುದು. ಮಣ್ಣಿನೊಳಗಿನ ಕೇಬಲ್ಲು ಹಾಗಲ್ಲ. ಯಂತ್ರವಿಟ್ಟು ಪರೀಕ್ಷಿಸಿ, ಊಹಿಸಿದ ಕಡೆ ಅಗೆದು, ಕತ್ತರಿಸಿ ಬೆಸೆಯಬೇಕು. ಮೊದಲ ರಾತ್ರಿ ಇನ್ವರ್ಟರು ದೀಪಗಳನ್ನು ಕಾಯ್ದಿತು; ಬೆಳಗಾಗುವ ಹೊತ್ತಿಗೆ ಅದರ ಬ್ಯಾಟರಿಯೂ ಬರಿದಾಯಿತು. ನಮ್ಮ ಸಣ್ಣ ಕಟ್ಟಡಕ್ಕೆ ಜನರೇಟರಿಲ್ಲ. ಲಿಫ್ಟು ನಿಂತಿತು. ಪಂಪು ನಿಂತುದರಿಂದ ಮೇಲಣ ತೊಟ್ಟಿಯೂ ಒಣಗಿತು. ಸಂಪಿನಿಂದ ನೀರು ಸೇದಿ, ಬಿಂದಿಗೆಗಳನ್ನು ಮೂರನೆಯ ಮಹಡಿಗೆ ಹೊತ್ತೆವು.

ನಮ್ಮ ನಿಜವಾದ ಚಿಂತೆ ಬೇರೆಯಾಗಿದ್ದಿತು. ತಾಯಿಯವರಿಗೆ ದಿನವೂ ಇನ್ಸುಲಿನ್ ಬೇಕು. ತಿಂಗಳಿನ ಸೀಸೆಗಳು ತಣ್ಣನೆಯ ಪೆಟ್ಟಿಗೆಯಲ್ಲಿದ್ದುವು. ವೈದ್ಯರನ್ನು ವಿಚಾರಿಸಲು, ಬಳಕೆಯಲ್ಲಿರುವ ಸೀಸೆ ಬಿಸಿಲು ತಾಗದ ಕೋಣೆಯಲ್ಲಿ ಸುಮಾರು 4 ವಾರ ಕೆಡುವುದಿಲ್ಲವೆಂದೂ, ಒಡೆಯದವನ್ನು ಮಾತ್ರ ತಂಪಾಗಿಡಬೇಕೆಂದೂ ಹೇಳಿದರು. ನಮ್ಮಾಕೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿರಿಸಿ, ನಡುವೆ ಒದ್ದೆ ಮರಳು ತುಂಬಿ, ಸೀಸೆಗಳನ್ನು ಒಣಡಬ್ಬಿಯಲ್ಲಿ ಒಳಗಿಟ್ಟಳು. ಮಣ್ಣಿನ ಮೈಯಿಂದ ನೀರು ಆವಿಯಾಗುತ್ತ ಶಾಖವನ್ನು ಸೆಳೆದೊಯ್ಯುವುದು. ಮಾಗಿಯ ಚಳಿಯೂ ನೆರವಾಯಿತು. ಔಷಧವು ಉಳಿಯಿತು.

ಎರಡನೆಯ ದಿನ ರಾಗಿಯ ಡಬ್ಬಿ ಹಿಡಿದು ನಾವಿಬ್ಬರೂ ಹಳೆಯ ಹಳ್ಳಿಯ ಬೀದಿಗೆ ನಡೆದೆವು. ದಾರಿಯ ದೊಡ್ಡ ಕಟ್ಟಡಗಳಲ್ಲಿ ಜನರೇಟರುಗಳು ಭೋರ್ಗರೆಯುತ್ತಿದ್ದುವು. ಅಲ್ಲಿ ಕತ್ತಲೆಯ ಸುಳಿವೇ ಇಲ್ಲ. ಹಿಂದಿನ ಓಣಿಯಲ್ಲಿ ದರ್ಜಿಯ ಯಂತ್ರ ಮೌನವಾಗಿದ್ದಿತು. ದಿನಗೂಲಿಯವರ ತಗಡಿನ ಮನೆಗಳಲ್ಲಿ ಮೇಣದ ಬತ್ತಿಗಳು. ಹಿಟ್ಟಿನ ಗಿರಣಿಯ ಮುಂದೆ ರಾಗಿಯ ಡಬ್ಬಿಗಳು ಸಾಲಾಗಿ ಕಾದಿದ್ದುವು. ಪಕ್ಕದ ಜಗಲಿಯಲ್ಲಿ ನೆನೆದ ಅವರೆಕಾಳನ್ನು ಹಿದುಕುತ್ತಿದ್ದ ಮುದುಕಿಯೊಬ್ಬಳನ್ನು ನಮ್ಮಾಕೆ, "ಕತ್ತಲೆಯಲ್ಲಿ ಕಷ್ಟವಲ್ಲವೇ ಅಜ್ಜಿ?" ಎಂದು ಕೇಳಿದಳು.

"ನಾನು ಸೊಸೆಯಾಗಿ ಬಂದಾಗ ಇಲ್ಲಿ ಕರೆಂಟೆಲ್ಲಿತ್ತು ತಾಯಿ? ಬೀಸೋ ಕಲ್ಲಿತ್ತು. ಈಗ ಕಲ್ಲೂ ಇಲ್ಲ, ಕರೆಂಟೂ ಇಲ್ಲ. ಕತ್ತಲೆಗೆ ಯಾರು ಹೆದರ್ತಾರೆ? ಹಿಟ್ಟಿಲ್ಲದಿದ್ರೆ ಹೆದರಬೇಕು" ಎಂದಳು ಆಕೆ.

ಆ ಮಾತು ನಮ್ಮನ್ನು ಬಹಳ ಹೊತ್ತು ಕಾಡಿತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರು ನಗರಕ್ಕೆ ದೀಪ ಬಂದುದು 1905ರಲ್ಲಿ. ಹೊಲಗಳ ಮೇಲೆ ಹಾದುಹೋದ ಆ ತಂತಿಯನ್ನು ಹಳ್ಳಿಗರು ತಲೆಯೆತ್ತಿ ನೋಡಿದರು, ಅಷ್ಟೆ. ಅವರ ಸರದಿ ಬಂದುದು ಬಹುಕಾಲದ ಮೇಲೆ. ಮೊದಲು ಗಣಿ, ಬಳಿಕ ನಗರ, ಕಡೆಯಲ್ಲಿ ಹಳ್ಳಿ. ಬೆಳಕು ಬಂದ ಈ ಕ್ರಮವು ಕತ್ತಲೆ ಕವಿದಾಗ ತಲೆಕೆಳಗಾಗಿ ಕಾಣುವುದು: ಕಡೆಯಲ್ಲಿ ಪಡೆದವರೇ ಮೊದಲು ಕಳೆದುಕೊಳ್ಳುವರು. ಅಷ್ಟರಲ್ಲಿ ಅವರ ಬೀಸುವ ಕಲ್ಲೂ ಹೋಗಿರುತ್ತದೆ.

ಮೂರನೆಯ ರಾತ್ರಿ ನೆರೆಮನೆಯ ಇಬ್ಬರು ತರುಣರು ತಾಯಿಯವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಮೆಟ್ಟಿಲಿಳಿಸಿ ಅಂಗಳಕ್ಕೆ ತಂದರು. ಬೀದಿದೀಪಗಳಿಲ್ಲದ ಆಕಾಶದಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರಗಳು ಸ್ಪಷ್ಟವಾಗಿದ್ದುವು. "ನಿಮ್ಮ ಮುತ್ತಜ್ಜ ಸುಗ್ಗಿಯಲ್ಲಿ ಗಡಿಯಾರ ನೋಡುತ್ತಿರಲಿಲ್ಲ, ಇವನ್ನು ನೋಡಿ ಕಣಕ್ಕೆ ಹೋಗುತ್ತಿದ್ದರು" ಎಂದು ತಾಯಿಯವರು ಮಕ್ಕಳಿಗೆ ಹೇಳಿದರು. ಕಟ್ಟಡದ ಹತ್ತು ಮನೆಯವರೂ ಸುತ್ತ ಕುಳಿತಿದ್ದರು. ಅವರಲ್ಲಿ ನಾಲ್ವರ ಹೆಸರು ನಮಗೆ ತಿಳಿದುದು ಅಂದೇ.

ಮರುದಿನ ಬೆಳಗಿನ ಜಾವಕ್ಕೆ ವಿದ್ಯುತ್ತು ಬಂದಿತು. ಮಕ್ಕಳು ಹೋ ಎಂದು ಕೂಗಿದರು, ಪಂಪು ಗುಂಯ್‌ಗುಟ್ಟಿತು. ನಾನು ರಾಗಿಯ ಡಬ್ಬಿಯನ್ನೆತ್ತಿಕೊಂಡು ಗಿರಣಿಗೆ ಹೋದೆನು. ಅಲ್ಲಿ ಪಟ್ಟಿ ಆಗಲೇ ತಿರುಗುತ್ತಿದ್ದಿತು. ಸಾಲಿನ ಮೊದಲನೆಯ ಡಬ್ಬಿ ಆ ಮುದುಕಿಯದು.