ಎಂಬತ್ನಾಲ್ಕರ ಕೆರೆ

ಮನೆಗೆ ಪತ್ರಿಕೆ ಬಂದರೆ ಅಪ್ಪ ಮೊದಲು ಹುಡುಕುವುದು ಅಡಿಕೆ ಧಾರಣೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಪೇಟೆಗಳು. ಒಂದೊಂದರ ಕೆಳಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ. ಯಲ್ಲಾಪುರದ್ದಾದರೆ ಅಪಿಯೂ ಉಂಟು. ನಿನ್ನೆ ಮೊನ್ನೆಯ ದರ ಅವನ ತಲೆಯೊಳಗೇ ಇರುತ್ತದೆ. ಪೇಟೆ ಒಂದು ಬದಿ, ನಮೂನೆ ಒಂದು ಬದಿ, ದಿನ ಇನ್ನೊಂದು ಬದಿ. ಮೂರೂ ಸೇರುವ ಮೂಲೆಯಲ್ಲಿ ಒಂದು ದರ. ಹನ್ನೆರಡು ವರ್ಷ ಬೆಂಗಳೂರಿನಲ್ಲಿ ನಾನು ಸಂಬಳ ತಿಂದದ್ದು ಇಂಥದೇ ಪೆಟ್ಟಿಗೆಗಳನ್ನು ಕಟ್ಟಿ. ನಮ್ಮ ಕಸುಬಿನಲ್ಲಿ ಅದಕ್ಕೆ ಡೇಟಾ ಕ್ಯೂಬ್ ಎನ್ನುತ್ತಾರೆ. ಬದಿ ಮೂರೇ ಇರಬೇಕೆಂದಿಲ್ಲ, ಎಂಟು ಹತ್ತಾದರೂ ಕ್ಯೂಬೇ.

ಅಪ್ಪ ಒಂದು ದಿನವೂ ಎಲ್ಲ ನಮೂನೆಗಳ ದರ ಕೂಡಿಸಿ ಭಾಗಿಸಿ ‘ಇವತ್ತು ಅಡಿಕೆಗೆ ಇಷ್ಟು’ ಎಂದವನಲ್ಲ. ರಾಶಿಗೂ ಕೋಕಾಕ್ಕೂ ಸೇರಿಸಿ ಸರಾಸರಿ ತೆಗೆಯುವವನನ್ನು ಯಾವ ವಖಾರಿಯಲ್ಲೂ ಲೆಕ್ಕಕ್ಕೆ ಕೂರಿಸುವುದಿಲ್ಲ. ನಾನು ಮಾಡಿದ್ದು ಅದನ್ನೇ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಮರಳಿ ಹೋಗಲಿಲ್ಲ. ಸಿದ್ದಾಪುರ ತಾಲ್ಲೂಕಿನ ಮನೆಯಿಂದಲೇ ಕೆಲಸ. ಮೂರೂ ತಾಲ್ಲೂಕುಗಳಲ್ಲಿ ಕೆರೆ ಹೂಳೆತ್ತಿಸುವ, ಇಂಗುಗುಂಡಿ ತೋಡಿಸುವ, ಕಾಲುಸಂಕ ಸರಿಮಾಡಿಸುವ ಸಂಸ್ಥೆಯೊಂದು ‘ನಮ್ಮ ಕೆಲಸಗಳ ಲೆಕ್ಕ ಒಂದು ಕಡೆ ಕಾಣುವ ಹಾಗೆ ಮಾಡಿಕೊಡಿ’ ಎಂದಿತು. ಅವರಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಮೊದಲೇ ಇತ್ತು. ಮೇಲ್ವಿಚಾರಕರು ಫೋನಿನಿಂದ ದಿನದ ಪ್ರಗತಿ ತುಂಬುತ್ತಿದ್ದರು. ಅದರಿಂದ ವರದಿ ತೆಗೆಯುವುದೇ ರಗಳೆ. ಕ್ಯೂಬ್ ಕಟ್ಟುತ್ತೇನೆ ಎಂದೆ. ಊರಿಗೆ ಏನಾದರೂ ಮಾಡಿದ ಹಾಗಾಯಿತು ಎಂಬ ಸಣ್ಣ ಜಂಬವೂ ಇತ್ತು, ಸುಳ್ಳು ಹೇಳುವುದಿಲ್ಲ.

ಕ್ಯೂಬಿನ ಗಮ್ಮತ್ತು ಇರುವುದು ಅದರ ವೇಗದಲ್ಲಿ. ಸಾವಿರಾರು ಸಾಲುಗಳ ಮೊತ್ತವನ್ನು ಅದು ರಾತ್ರಿಯೇ ಮಾಡಿಟ್ಟುಕೊಂಡಿರುತ್ತದೆ. ಬೆಳಿಗ್ಗೆ ತಾಲ್ಲೂಕಿನ ಮೇಲೆ ಒತ್ತಿದರೆ ಪಂಚಾಯ್ತಿ, ಪಂಚಾಯ್ತಿಯ ಮೇಲೆ ಒತ್ತಿದರೆ ಊರು, ಊರಿನ ಮೇಲೆ ಒತ್ತಿದರೆ ಕೆರೆ. ಇಂಥ ಬಳಕೆಗೆ ಓಲ್ಯಾಪ್ ಎಂದು 1993ರಲ್ಲಿ ಹೆಸರು ಕೊಟ್ಟವರು ಇ. ಎಫ್. ಕಾಡ್. ಇವತ್ತು ಬ್ಯಾಂಕಿನಿಂದ ರೈಲ್ವೆವರೆಗೆ ಎಲ್ಲ ಕಡೆ ಇರುವ ರಿಲೇಶನಲ್ ಡೇಟಾಬೇಸಿನ ಕಲ್ಪನೆಯನ್ನು 1970ರಲ್ಲಿ ಕೊಟ್ಟ ಅದೇ ಮನುಷ್ಯ.

ಮೊದಲ ಎಡವಟ್ಟು ನಗು ತರಿಸುವಂಥದ್ದು. ಕ್ಯೂಬಿನಲ್ಲಿ ಐದು ತಾಲ್ಲೂಕು ಬಂತು. ನೋಡಿದರೆ ಒಬ್ಬರು ಶಿರಸಿ ಎಂದು ತುಂಬಿದ್ದರು, ಇನ್ನೊಬ್ಬರು ಸಿರ್ಸಿ. ಒಬ್ಬರದು ಯಲ್ಲಾಪುರ, ಇನ್ನೊಬ್ಬರದು ಎಲ್ಲಾಪುರ. ಬಸ್ಸಿನ ಬೋರ್ಡು ಓದುವವರಿಗೆ ತೊಂದರೆಯಿಲ್ಲ, ಕ್ಯೂಬಿಗೆ ಅವು ಬೇರೆ ಬೇರೆ ಊರು. ಹೆಸರು ಬಿಟ್ಟು ಊರಿಗೊಂದು ಕೋಡ್ ಕೊಟ್ಟೆ, ಸರಿಹೋಯಿತು. ಇಷ್ಟು ಹುಷಾರಿರುವ ನನಗೆ ಇನ್ನೇನು ತಪ್ಪೀತು ಎಂದುಕೊಂಡೆ.

ತಪ್ಪಿದ್ದು ‘ಶೇಕಡಾ ಪೂರ್ಣ’ ಎಂಬ ಕಾಲಮ್ಮಿನಲ್ಲಿ. ಯಲ್ಲಾಪುರ ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಐದು ಕೆಲಸ ನಡೆದಿತ್ತು. ಎರಡು ಕಡೆ ಇಂಗುಗುಂಡಿ, ಒಂದು ಬಾವಿ ಶುದ್ಧಿ, ಅಡಿಕೆ ಮರ ಹಾಕಿದ ಒಂದು ಕಾಲುಸಂಕದ ದುರಸ್ತಿ, ಮತ್ತೆ ಒಂದು ದೊಡ್ಡ ಕೆರೆ. ಸಣ್ಣ ನಾಲ್ಕೂ ಮುಗಿದು 100 ಎಂದಿದ್ದವು. ಕೆರೆ 20. ಕ್ಯೂಬ್ ತನ್ನ ಸ್ವಭಾವದಂತೆ ಎಲ್ಲವನ್ನೂ ಕೂಡಿಸಿ ಶೇಕಡಾ 420 ತೋರಿಸಿತು. ಯಾರ ಕಣ್ಣಿಗಾದರೂ ಹೊಡೆಯುವ ತಪ್ಪು. ನಾನು ಐದರಿಂದ ಭಾಗಿಸುವ ಸೂತ್ರ ಬರೆದೆ. 84 ಬಂತು. ತಪ್ಪು ಕಣ್ಣಿಗೆ ಹೊಡೆಯುವುದು ನಿಂತಿತು, ತಪ್ಪು ಅಲ್ಲೇ ಉಳಿಯಿತು.

ಸಣ್ಣ ಕೆಲಸಗಳು ತಲಾ 50 ಗಂಟೆಯವು, ಕೆರೆ 1800 ಗಂಟೆಯದು. ಗಂಟೆ ಹಿಡಿದು ಲೆಕ್ಕ ಮಾಡಿದರೆ 2000ದಲ್ಲಿ ಆದದ್ದು 560, ಅಂದರೆ ಶೇಕಡಾ 28. ಅದೂ ಹೆಚ್ಚೆಂದರೆ. ಏಕೆಂದರೆ ಮೈಕ್ರೋಸಾಫ್ಟ್ ಪ್ರಾಜೆಕ್ಟಿನಂಥ ಸಾಫ್ಟ್‌ವೇರುಗಳಲ್ಲಿ ‘ಶೇಕಡಾ ಪೂರ್ಣ’ ಬೇರೆ, ‘ಶೇಕಡಾ ಕೆಲಸ ಪೂರ್ಣ’ ಬೇರೆ. ಮೊದಲನೆಯದು ಅವಧಿಯ ಲೆಕ್ಕ, ಎರಡನೆಯದು ದುಡಿಮೆಯ ಲೆಕ್ಕ. ನಾನು ಎತ್ತಿಕೊಂಡದ್ದು ಮೊದಲನೆಯದನ್ನು. ಹೂಳೆತ್ತುವ ಹಿಟಾಚಿ ಯಂತ್ರ ಕೆಟ್ಟು ಕೆರೆದಂಡೆಯ ಮೇಲೆ ನಿಂತಿದ್ದ ದಿನಗಳೂ ಆ 20ರೊಳಗೆ ಸೇರಿಕೊಂಡಿದ್ದವು.

ಮೇ ತಿಂಗಳ ನಡುವೆ ಶಿರಸಿಯಲ್ಲಿ ಸಭೆ. ನಮ್ಮ ಕಡೆ ಮಣ್ಣಿನ ಕೆಲಸಕ್ಕೆ ಸಿಗುವುದು ದೀಪಾವಳಿಯ ನಂತರದ ತಿಂಗಳುಗಳು ಮಾತ್ರ. ಅದರಲ್ಲೂ ಕೊನೆಕೊಯ್ಲು, ಸುಲಿತ ಮುಗಿಯುವ ತನಕ ಆಳು ಸಿಗುವುದಿಲ್ಲ. ಉಳಿಯುವುದು ಮಾರ್ಚಿನಿಂದ ಮೇ. ಮಾರ್ಚ್ 31ಕ್ಕೆ ವರ್ಷ ಮುಗಿಸುವ ನನ್ನ ಕ್ಯೂಬಿನ ಕ್ಯಾಲೆಂಡರು ಈ ಹಂಗಾಮನ್ನು ನಡುವೆಯೇ ಕಡಿಯುತ್ತಿತ್ತು ಎಂಬುದು ಇನ್ನೊಂದು ಕಥೆ. ಪರದೆಯ ಮೇಲೆ ಆ ಪಂಚಾಯ್ತಿ ಹಸಿರಾಗಿ 84 ಎಂದು ಹೊಳೆಯಿತು. ‘ಅಲ್ಲಿ ಆದ ಹಾಗೇ ಅಲ್ಲವಾ, ಹಿಟಾಚಿ ಸಿದ್ದಾಪುರಕ್ಕೆ ಕಳಿಸುವಾ’ ಎಂದು ತೀರ್ಮಾನವಾಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ವರದಿ ಎಷ್ಟು ಬೇಗ ತೀರ್ಮಾನಕ್ಕೆ ತರುತ್ತದೆ ಎಂದು ಮೆಚ್ಚಿದರು. ನಾನು ಬೀಗಿದೆ.

ಮರುದಿನ ಯಲ್ಲಾಪುರದ ಮೇಲ್ವಿಚಾರಕರ ಫೋನು. “ಈ ಎಂಬತ್ನಾಲ್ಕು ಎಲ್ಲಿಂದ ತಂದ್ಯೋ ಮಾರಾಯ? ಕೆರೆಲಿ ಇನ್ನೂ ಹೂಳೇ ಇದ್ದು!”

ಇಲ್ಲಿಯವರೆಗಿನದು ಕೈತಪ್ಪು. ಈ ಬರಹ ಬರೆಯಲು ಕೂತದ್ದು ಮುಂದಿನದಕ್ಕಾಗಿ. ನಾನು ಅವರಿಗೆ, “ನೀವು ತುಂಬಿದ್ದನ್ನೇ ಸಿಸ್ಟಮ್ ತೋರಿಸುತ್ತದೆ, ನಿಮ್ಮ ಎಂಟ್ರಿ ಒಮ್ಮೆ ನೋಡಿಕೊಳ್ಳಿ” ಎಂದೆ. ಕೆರೆಯಂಗಳದಲ್ಲಿ ನಿಂತು ಹೂಳನ್ನು ಕಣ್ಣಾರೆ ನೋಡುತ್ತಿದ್ದ ಅರವತ್ತು ದಾಟಿದ ಮನುಷ್ಯನಿಗೆ, ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ನಾನು ಹೇಳಿದ ಮಾತು ಅದು. ಅವರು ಎಂಟ್ರಿ ನೋಡಿದರು. 20 ಎಂದೇ ಇತ್ತು. ತಿರುಗಿ ಫೋನು ಮಾಡಲಿಲ್ಲ.

ಆಮೇಲೂ ನಾನು ತಪ್ಪು ಹುಡುಕಿದ್ದು ಬೇರೆ ಕಡೆಯೇ. ಕರೆಂಟು ಹೋಗಿ ರಾತ್ರಿಯ ಕಟ್ಟಣೆ ನಿಂತು, ಹಳೇ ಕ್ಯೂಬೇ ಉಳಿದಿರಬಹುದು ಎಂದು ನೋಡಿದೆ. ಮುಂಗಾರು ಪೂರ್ವದ ಗುಡುಗಿಗೆ ಅದು ಎರಡು ಸಲ ನಿಂತಿತ್ತು ನಿಜ. ವರದಿಯ ತಲೆಯ ಮೇಲೆ ಕ್ಯೂಬ್ ಕಟ್ಟಿದ ದಿನಾಂಕ ಹಾಕದೆ ಇದ್ದದ್ದೂ ನನ್ನದೇ ಸೋಮಾರಿತನ. ಆದರೆ ಈ 84ಕ್ಕೆ ಅದು ಕಾರಣವಲ್ಲ. ನಾಲ್ಕನೇ ದಿನ ನನ್ನ ಸೂತ್ರ ನಾನೇ ಓದಿದೆ. ‘ಭಾಗಿಸು 5’ ಎಂಬುದನ್ನು ಕಂಡ ಹೊತ್ತಿಗೆ ಹಿಟಾಚಿ ಸಿದ್ದಾಪುರ ತಲುಪಿ ಅಲ್ಲಿ ಕೆಲಸ ಶುರುವಾಗಿತ್ತು.

ಡೇಟಾ ವೇರ್‌ಹೌಸಿನ ಹಿರಿಯ ರಾಲ್ಫ್ ಕಿಂಬಾಲ್ ಹೇಳುವುದು, ಅಳತೆಗಳನ್ನು ಆರಿಸುವ ಮೊದಲು ಕಾಳು ಯಾವುದೆಂದು ತೀರ್ಮಾನಿಸು ಎಂದು. ಅವರ ಗ್ರೇನ್ ಎಂಬ ಪದಕ್ಕೆ ನಮ್ಮ ಕಾಳು ಸರಿಯಾಗಿ ಕೂರುತ್ತದೆ. ಕೋಷ್ಟಕದ ಒಂದು ಸಾಲು ಯಾವುದನ್ನು ಹೇಳುತ್ತದೆ? ಒಂದು ಕೆಲಸವನ್ನೋ, ಒಬ್ಬ ಆಳಿನ ಒಂದು ದಿನವನ್ನೋ? ಇದನ್ನು ನಾನು ಬೆಂಗಳೂರಿನಲ್ಲಿ ಹೊಸಬರಿಗೆ ಪಾಠ ಮಾಡಿದ್ದೇನೆ. ಮನೆಗೆ ಬಂದಾಗ ಮರೆತೆ. ಮರೆತೆ ಎನ್ನುವುದೂ ಪೂರ್ತಿ ಸರಿಯಲ್ಲ. ಇಲ್ಲಿಯ ಸಣ್ಣ ಲೆಕ್ಕಕ್ಕೆ ಅಷ್ಟೆಲ್ಲ ಬೇಡ ಎಂದುಕೊಂಡಿದ್ದೆ.

ಜೂನಿನಲ್ಲಿ ಮಳೆ ಹಿಡಿಯಿತು. ಅಲ್ಲಿವರೆಗೆ ಎತ್ತಿ ದಂಡೆಯ ಮೇಲೆ ಹಾಕಿದ್ದ ಹೂಳಿನಲ್ಲಿ ಒಂದಷ್ಟು ತೊಳೆದುಕೊಂಡು ಮತ್ತೆ ಕೆರೆಗೇ ಇಳಿಯಿತು. ನಾನು ಹೋಗಿ ನೋಡಿದಾಗ ಕೆಂಪು ನೀರು ತುಂಬಿ ಎಲ್ಲ ಮುಚ್ಚಿಹೋಗಿತ್ತು. ಮೇಲ್ವಿಚಾರಕರು ಕೊಡೆ ಹಿಡಿದು ಬಂದು, ಬೈಯದೆ, ಕವಳದ ಬಟ್ಟಲು ಮುಂದೆ ಮಾಡಿದರು.

ಈಗ ಆ ವರದಿಯಲ್ಲಿ ಶೇಕಡಾವನ್ನು ಕ್ಯೂಬ್ ಕೂಡಿಸುವುದೂ ಇಲ್ಲ, ಸರಾಸರಿ ತೆಗೆಯುವುದೂ ಇಲ್ಲ. ಆದ ಗಂಟೆ, ಆಗಬೇಕಾದ ಗಂಟೆ ಎರಡನ್ನೂ ಬೇರೆ ಬೇರೆ ಕೂಡಿಸಿಕೊಂಡು, ಕೇಳಿದ ಮಟ್ಟದಲ್ಲಿ ಆಮೇಲೆ ಭಾಗಿಸುತ್ತದೆ. ವರ್ಷ ಅಕ್ಟೋಬರಿಗೆ ಶುರುವಾಗುತ್ತದೆ. ಮೇಲುಗಡೆ ಕ್ಯೂಬ್ ಕಟ್ಟಿದ ದಿನಾಂಕ ದಪ್ಪಕ್ಷರದಲ್ಲಿದೆ. ಯಂತ್ರವನ್ನು ಒಂದು ಜಾಗದಿಂದ ಎಬ್ಬಿಸುವ ಮೊದಲು ಅಲ್ಲಿಯ ಮೇಲ್ವಿಚಾರಕರಿಗೆ ಫೋನು ಮಾಡಬೇಕೆಂದು ಸಭೆಯಲ್ಲಿ ನಾನೇ ಬರೆಸಿದೆ.

ಆ ಕೆರೆಯ ಹೂಳು ಪೂರ್ತಿ ಎತ್ತಿದ್ದು ಮರುವರ್ಷದ ಮೇ ಎರಡನೇ ವಾರ. ಹಿಟಾಚಿ ಎರಡನೇ ಸಲ ಸಾಗಿಸಿದ ಬಾಡಿಗೆ ನಾನು ಕೊಡುತ್ತೇನೆಂದೆ. ಸಂಸ್ಥೆಯವರು ಒಪ್ಪಲಿಲ್ಲ.